ಹಾಡಿಗೊಂದು ಹೊದಿಕೆ: ಚಿತ್ರಕ್ಕಿಂತ ಮೊದಲು ಹೆಸರು

ಹಾಡು ಈಗ ಕಿಸೆಯಲ್ಲಿರುವ ಫೋನಿನಲ್ಲಿಯೇ ಸಿಗುತ್ತದೆ. ಅದಕ್ಕಾಗಿ ಕ್ಯಾಸೆಟ್ ಅಂಗಡಿಯ ಮೆಟ್ಟಿಲು ಹತ್ತಬೇಕಿಲ್ಲ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆರೆಯಬೇಕಿಲ್ಲ. ಹೀಗಿದ್ದೂ ವಿನ್ಯಾಸ ಕಲಿಸುವ ಕಾಲೇಜುಗಳಲ್ಲಿ ಒಂದು ಹಳೆಯ ಅಭ್ಯಾಸ ಉಳಿದುಕೊಂಡಿದೆ. ಯಾವುದಾದರೂ ಸಂಗೀತ ತಂಡದ ಆಲ್ಬಂ ಆರಿಸಿಕೊಂಡು ಅದಕ್ಕೆ ಹೊದಿಕೆ ರೂಪಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಾಗುತ್ತದೆ. ಎಷ್ಟೋ ಸಲ ಆ ತಂಡವೂ ವಿದ್ಯಾರ್ಥಿಗಳದ್ದೇ ಆಗಿರುತ್ತದೆ.

ಮೇಲ್ನೋಟಕ್ಕೆ ಇದು ಚೆಂದದ ಚಿತ್ರವೊಂದನ್ನು ಬರೆಯುವ ಕೆಲಸ. ಆದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ, ಧ್ವನಿಮುದ್ರಣದಿಂದ ಮಾರಾಟದವರೆಗೆ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಸ್ವತಂತ್ರ ತಂಡಗಳ ಪಾಲಿಗೆ, ಅಂದರೆ ಇಂದಿನ ಮಾತಿನಲ್ಲಿ 'ಇಂಡಿ' ತಂಡಗಳ ಪಾಲಿಗೆ, ಹೊದಿಕೆ ಎಂಬುದು ಹಣದ ಪ್ರಶ್ನೆ, ಕಾನೂನಿನ ಪ್ರಶ್ನೆ, ಎಲ್ಲಕ್ಕಿಂತ ಮಿಗಿಲಾಗಿ ಹೆಸರಿನ ಪ್ರಶ್ನೆ. ಹಾಡಿದವರು ಯಾರು, ಬರೆದವರು ಯಾರು, ತಬಲಾ ನುಡಿಸಿದವರು ಯಾರು, ಚಿತ್ರ ಯಾರದ್ದು ಎಂಬುದು ಸಂಗೀತದ ಜೊತೆಗೆ ಮುಂದಿನವರಿಗೆ ತಲುಪುವುದು ಈ ಕಾಗದದ ಮೂಲಕವೇ. ಹೊದಿಕೆಯ ಇತಿಹಾಸವನ್ನು ತಿರುವಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಹೆಸರನ್ನೇ ಹಾಡಿನೊಳಗೆ ಹೇಳಿದ ಕಾಲ

ಬ್ರಿಟನ್ನಿನ ಗ್ರಾಮಫೋನ್ ಕಂಪನಿಯ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಭಾರತೀಯ ಕಲಾವಿದರ ಧ್ವನಿಮುದ್ರಣ ನಡೆಸಿದ. ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಘೋಷಿಸುತ್ತಿದ್ದರು. ಆಗ ಮುದ್ರಿಕೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ತಂತ್ರಜ್ಞರಿಗೆ ಈ ಗಾಯಕಿ ಯಾರೆಂದು ತಿಳಿದು, ಸರಿಯಾದ ಹೆಸರಿನ ಚೀಟಿ ಅಂಟಿಸಲು ಅನುಕೂಲವಾಗಲೆಂದೇ ಈ ಏರ್ಪಾಡು ಎನ್ನಲಾಗುತ್ತದೆ. ಹೊದಿಕೆ ಮಾಡಬೇಕಾದ ಕೆಲಸವನ್ನು ಅಂದು ಗಾಯಕಿಯ ಕಂಠವೇ ಮಾಡಿತು. ಇದೇ ಗೌಹರ್ ಜಾನ್ ಬಾಳಿನ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿದ್ದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಅಂದಿನ 78 ವೇಗದ ಅರಗಿನ ತಟ್ಟೆಗಳು ಒಂದು ಬದಿಗೆ ಮೂರು ನಾಲ್ಕು ನಿಮಿಷದ ಸಂಗೀತವನ್ನಷ್ಟೇ ಹಿಡಿಯುತ್ತಿದ್ದವು. ದೀರ್ಘ ಕೃತಿಯೊಂದಕ್ಕೆ ನಾಲ್ಕೈದು ತಟ್ಟೆಗಳು ಬೇಕಾಗುತ್ತಿದ್ದವು. ಅವನ್ನು ಫೋಟೋ ಆಲ್ಬಂನಂತೆ ಒಂದೇ ರಟ್ಟಿನೊಳಗೆ ಹೊಲಿದು ಮಾರುತ್ತಿದ್ದುದರಿಂದ 'ಆಲ್ಬಂ' ಎಂಬ ಹೆಸರು ಬಂತು. ಹೊರಗೆ ಬರಿಯ ಕಂದು ಇಲ್ಲವೇ ಬೂದು ಬಣ್ಣದ ರಟ್ಟು, ಬೆನ್ನಿನ ಮೇಲೆ ಒಂದಿಷ್ಟು ಅಕ್ಷರಗಳು, ಅಷ್ಟೆ.

ಇದನ್ನು ಬದಲಿಸಿದವನು ಅಲೆಕ್ಸ್ ಸ್ಟೈನ್‌ವೈಸ್. ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆಯನ್ನು ಸೇರಿದಾಗ ಆತನಿಗೆ ಇಪ್ಪತ್ತೆರಡು ಇಪ್ಪತ್ತಮೂರರ ಹರೆಯ. ಖಾಲಿ ರಟ್ಟಿನ ಮೇಲೆ ಸಂಗೀತಕ್ಕೆ ಹೊಂದುವ ಚಿತ್ರ ಅಚ್ಚು ಮಾಡೋಣ ಎಂದು ಆತ ಸಂಸ್ಥೆಯನ್ನು ಒಪ್ಪಿಸಿದ. ರಾಡ್ಜರ್ಸ್ ಹಾಗೂ ಹಾರ್ಟ್ ಜೋಡಿಯ ಹಾಡುಗಳ ಸಂಗ್ರಹಕ್ಕೆ 1940ರಲ್ಲಿ ಆತ ಮಾಡಿದ ವಿನ್ಯಾಸವನ್ನು ಸಚಿತ್ರ ಆಲ್ಬಂ ಮುಖಪುಟಗಳ ಆರಂಭವೆಂದು ಪರಿಗಣಿಸಲಾಗಿದೆ. 1948ರಲ್ಲಿ ಎಲ್‌ಪಿ ಬಂದಾಗ ಹನ್ನೆರಡು ಅಂಗುಲದ ಆ ಚೌಕ ರಟ್ಟು ವಿನ್ಯಾಸಕಾರರಿಗೆ ಹೊಸದೊಂದು ಗೋಡೆಯಾಯಿತು.

ಗೋಡೆ ಮತ್ತೆ ಕಿರಿದಾಗತೊಡಗಿದ್ದು 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ ಪರಿಚಯಿಸಿದಾಗ. ಇಂಗ್ಲಿಷಿನ 'ಜೆ' ಅಕ್ಷರದಂತೆ ಮಡಚಿ ಡಬ್ಬಿಯೊಳಗೆ ಕೂರಿಸುವ ಅಂಗೈ ಅಗಲದ ಕಾರ್ಡಿನಲ್ಲಿ ಎಲ್ಲವನ್ನೂ ಹೇಳಬೇಕಾಯಿತು. ಕರ್ನಾಟಕದ ಮಧ್ಯಮ ವರ್ಗದ ಮನೆಗಳಿಗೆ ಸಂಗೀತ ಹೊಕ್ಕಿದ್ದು ಮುಖ್ಯವಾಗಿ ಈ ರೂಪದಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದು ಕನ್ನಡದ ಭಾವಗೀತೆಗಳ ಧ್ವನಿಸುರುಳಿ ಪರಂಪರೆಗೆ ನಾಂದಿಯಾಯಿತು. ಕವಿ, ರಾಗ ಸಂಯೋಜಕ, ಗಾಯಕ ಎಂಬ ಮೂರು ಹೆಸರುಗಳನ್ನು ಬೇರೆ ಬೇರೆಯಾಗಿ ಕಾಣಿಸುವ ಪದ್ಧತಿ ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಸಹಜವಾಗಿ ಬೇರೂರಿತು. ಕವಿತೆ ಮೊದಲು, ರಾಗ ಆಮೇಲೆ ಎಂಬ ಅರಿವು ಅದರ ಹಿಂದಿತ್ತು. 1982ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಈ ಚೌಕವನ್ನು ಸುಮಾರು 12 ಸೆಂಟಿಮೀಟರಿಗೆ ನಿಲ್ಲಿಸಿತು. ಇಂದು ಫೋನಿನ ಪರದೆಯಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು.

ಮೂವರು ವಿದ್ಯಾರ್ಥಿಗಳು, ಒಂದು ಕಪ್ಪು ಹೊದಿಕೆ

ಸ್ವತಂತ್ರ ಸಂಗೀತದ ಹೊದಿಕೆಗಳ ವಿಷಯ ಬಂದಾಗಲೆಲ್ಲ ಉದಾಹರಣೆಯಾಗುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ. ಅಲ್ಲಿ ಟೋನಿ ವಿಲ್ಸನ್ ಮತ್ತು ಗೆಳೆಯರು 1978ರಲ್ಲಿ 'ಫ್ಯಾಕ್ಟರಿ' ಎಂಬ ಹೆಸರಿನ ಸಂಗೀತ ಚಟುವಟಿಕೆ ಆರಂಭಿಸಿದರು. ಅದರ ಮೊದಲ ಭಿತ್ತಿಪತ್ರವನ್ನು ರೂಪಿಸಿದವನು ಅದೇ ನಗರದ ಪಾಲಿಟೆಕ್ನಿಕ್‌ನಲ್ಲಿ ಗ್ರಾಫಿಕ್ ವಿನ್ಯಾಸ ಓದುತ್ತಿದ್ದ ಪೀಟರ್ ಸ್ಯಾವಿಲ್. ಭಿತ್ತಿಪತ್ರ ಸಿದ್ಧವಾಗುವಷ್ಟರಲ್ಲಿ ಕಾರ್ಯಕ್ರಮದ ಪ್ರಚಾರಕ್ಕೆ ಸಮಯವೇ ಉಳಿದಿರಲಿಲ್ಲ ಎಂಬುದು ಆ ಸಂಸ್ಥೆಯ ಚರಿತ್ರೆಯಲ್ಲಿ ಇಂದಿಗೂ ನಗೆಯ ಪ್ರಸಂಗ.

ಮರುವರ್ಷ, 1979ರಲ್ಲಿ, ಜಾಯ್ ಡಿವಿಜನ್ ತಂಡದ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂ ಹೊರಬಂತು. ಕಪ್ಪು ಹಿನ್ನೆಲೆ, ನಡುವೆ ಬೆಟ್ಟದ ಸಾಲಿನಂತೆ ಕಾಣುವ ಬಿಳಿಯ ಗೆರೆಗಳು. ಮುಂಭಾಗದಲ್ಲಿ ತಂಡದ ಹೆಸರಿಲ್ಲ, ಆಲ್ಬಂನ ಹೆಸರೂ ಇಲ್ಲ. ಇಂದು ಅಂಗಿಗಳ ಮೇಲೆ ಜಗತ್ತಿನಾದ್ಯಂತ ಕಾಣುವ ಈ ಚಿತ್ರ ಸ್ಯಾವಿಲ್ ಬರೆದದ್ದಲ್ಲ. ತಂಡದವರೇ ಖಗೋಳ ವಿಜ್ಞಾನದ ಒಂದು ವಿಶ್ವಕೋಶದಲ್ಲಿ ಅದನ್ನು ಕಂಡು ಆತನಿಗೆ ಕೊಟ್ಟಿದ್ದರು. ಮೂಲದಲ್ಲಿ ಬಿಳಿಯ ಹಾಳೆಯ ಮೇಲಿದ್ದ ಕಪ್ಪು ಗೆರೆಗಳನ್ನು ತಿರುವುಮುರುವು ಮಾಡಿ, ಅದರ ಸುತ್ತ ಧಾರಾಳವಾಗಿ ಕಪ್ಪು ಜಾಗ ಬಿಟ್ಟು, ಒರಟು ಮೈಯ ಕಾಗದ ಆರಿಸಿದ್ದು ಸ್ಯಾವಿಲ್‌ನ ಕೆಲಸ.

ಆ ಗೆರೆಗಳ ಹಿಂದಿನ ಕಥೆ ಹೊದಿಕೆಯಷ್ಟೇ ಸ್ವಾರಸ್ಯಕರ. ಅದು ಪಲ್ಸಾರ್ ಎಂಬ ಬಗೆಯ ನಕ್ಷತ್ರದಿಂದ ಬಂದ ರೇಡಿಯೊ ಮಿಡಿತಗಳ ನಕ್ಷೆ. ಸುಮಾರು 1.337 ಸೆಕೆಂಡಿಗೊಮ್ಮೆ ಮಿಡಿಯುವ ಈ ಪಲ್ಸಾರನ್ನು 1967ರಲ್ಲಿ ಮೊದಲು ಗುರುತಿಸಿದವರು ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್. ಪಲ್ಸಾರ್ ಶೋಧಕ್ಕೆ 1974ರ ನೊಬೆಲ್ ಬಂದದ್ದು ಅವರ ಮಾರ್ಗದರ್ಶಕ ಆಂಟನಿ ಹ್ಯೂಯಿಷ್ ಅವರಿಗೆ. ಪಟ್ಟಿಯಲ್ಲಿ ಬೆಲ್ ಅವರ ಹೆಸರಿರಲಿಲ್ಲ. ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿ ಗೆರೆಗಳಾಗಿ ಬಿಡಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಹೆರಾಲ್ಡ್ ಕ್ರಾಫ್ಟ್. ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದ ಮಾಹಿತಿಯನ್ನಾಧರಿಸಿ 1970ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಆ ನಕ್ಷೆ ಇತ್ತು. ತಮ್ಮ ಪ್ರಬಂಧದ ಹಾಳೆ ಒಂದು ಸಂಗೀತ ಆಲ್ಬಂನ ಮುಖವಾಗಿದೆ ಎಂಬುದು ಕ್ರಾಫ್ಟ್ ಅವರಿಗೆ ಗೊತ್ತಾದದ್ದು ಅದು ಅಂಗಡಿಗೆ ಬಂದ ಮೇಲೆ, ಬೇರೆಯವರು ಹೇಳಿದಾಗ. ಅವರೂ ಅಂಗಡಿಗೆ ಹೋಗಿ ಒಂದು ಪ್ರತಿ ಕೊಂಡು ತಂದರು.

ನಕ್ಷತ್ರವನ್ನು ಕಂಡ ವಿದ್ಯಾರ್ಥಿನಿ, ನಕ್ಷೆಯನ್ನು ಬಿಡಿಸಿದ ವಿದ್ಯಾರ್ಥಿ, ಹೊದಿಕೆಯನ್ನು ರೂಪಿಸಿದ, ಆಗಷ್ಟೇ ಕಾಲೇಜು ಮುಗಿಸಿದ್ದ ತರುಣ. ಮೂವರ ಕೆಲಸ ಒಂದೇ ಚೌಕದಲ್ಲಿ ಸೇರಿತು. ಆದರೆ ಬಹುಕಾಲ ಜನರಿಗೆ ತಿಳಿದದ್ದು ಕೊನೆಯವನ ಹೆಸರು ಮಾತ್ರ. ಮುಖಪುಟದಲ್ಲಿ ಹೆಸರು ಹಾಕದಿರುವುದು ಒಂದು ಕಲಾತ್ಮಕ ನಿರ್ಧಾರ. ತಂಡದ ಹೆಸರು ಹಿಂಬದಿಯಲ್ಲಿ ಇದ್ದೇ ಇತ್ತು. ಆದರೆ ಚಿತ್ರದ ಮೂಲವನ್ನು ಎಲ್ಲಿಯೂ ಹೇಳದಿರುವುದು ಬೇರೆಯೇ ವಿಷಯ. ಈ ಎರಡರ ನಡುವಿನ ವ್ಯತ್ಯಾಸ ಪ್ರತಿಯೊಬ್ಬ ವಿನ್ಯಾಸ ವಿದ್ಯಾರ್ಥಿಗೂ ಮೊದಲ ಪಾಠವಾಗಬೇಕು.

ಚೆಲುವು ನಷ್ಟ ತಂದ ಬಗೆ

ಫ್ಯಾಕ್ಟರಿ ಸಂಸ್ಥೆಯದ್ದೇ ಇನ್ನೊಂದು ಹೊದಿಕೆ ಎರಡನೆಯ ಪಾಠ ಕಲಿಸುತ್ತದೆ. ಗಾಯಕನ ಮರಣದ ನಂತರ ಜಾಯ್ ಡಿವಿಜನ್‌ನ ಉಳಿದ ಸದಸ್ಯರು 'ನ್ಯೂ ಆರ್ಡರ್' ಎಂಬ ಹೆಸರಿನಲ್ಲಿ ಮುಂದುವರಿದರು. 1983ರಲ್ಲಿ ಬಂದ ಅವರ 'ಬ್ಲೂ ಮಂಡೆ' ಹಾಡಿಗೆ ಸ್ಯಾವಿಲ್ ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ಹೋಲುವ ಹೊದಿಕೆ ಮಾಡಿದ. ನಿಜವಾದ ಫ್ಲಾಪಿಯಲ್ಲಿರುವಂತೆಯೇ ರಟ್ಟಿನಲ್ಲಿ ರಂಧ್ರಗಳನ್ನು ಕತ್ತರಿಸಲಾಗಿತ್ತು. ಆ ರಂಧ್ರಗಳ ಮೂಲಕ ಒಳಗಿನ ಬೆಳ್ಳಿಬಣ್ಣದ ಲಕೋಟೆ ಕಾಣುತ್ತಿತ್ತು. ಅಕ್ಷರಗಳ ಬದಲು ಅಂಚಿನಲ್ಲಿ ಬಣ್ಣದ ಚೌಕಗಳ ಸಂಕೇತಲಿಪಿ. ಅದನ್ನು ಓದುವ ಕೀಲಿಕೈ ಅದೇ ವರ್ಷ ಬಂದ ತಂಡದ ಮತ್ತೊಂದು ಆಲ್ಬಂನ ಹಿಂಬದಿಯಲ್ಲಿತ್ತು.

ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹನ್ನೆರಡು ಅಂಗುಲದ ಸಿಂಗಲ್ ಎಂಬ ಖ್ಯಾತಿ ಆ ಮುದ್ರಿಕೆಗೆ ಬಂತು. ಆದರೆ ಮೊದಲ ಮುದ್ರಣಗಳ ರಂಧ್ರ ಕತ್ತರಿಸುವ ಕೆಲಸ ಮತ್ತು ವಿಶೇಷ ಬಣ್ಣಗಳು ಎಷ್ಟು ದುಬಾರಿಯಾಗಿದ್ದವೆಂದರೆ ಮಾರಿದ ಪ್ರತಿಯೊಂದು ಪ್ರತಿಗೂ ಸಂಸ್ಥೆ ಕೆಲವು ಪೆನ್ಸ್ ಕಳೆದುಕೊಂಡಿತು ಎಂದು ಸಂಬಂಧಪಟ್ಟವರೇ ಹೇಳಿಕೊಂಡಿದ್ದಾರೆ. ಎಷ್ಟು ಪೆನ್ಸ್ ಎಂಬುದರಲ್ಲಿ ಅವರವರ ಲೆಕ್ಕ ಬೇರೆ. ನಂತರದ ಮುದ್ರಣಗಳಲ್ಲಿ ರಂಧ್ರಗಳಿಲ್ಲದ ಅಗ್ಗದ ಹೊದಿಕೆ ಬಳಸಲಾಯಿತು. ಫ್ಯಾಕ್ಟರಿ ಸಂಸ್ಥೆ 1992ರಲ್ಲಿ ದಿವಾಳಿಯಾಯಿತು. ಅದಕ್ಕೆ ಕಾರಣಗಳು ಹಲವು. ಆದರೆ ವೆಚ್ಚವನ್ನು ಲೆಕ್ಕಿಸದ ಮನೋಧರ್ಮದ ಗುರುತಾಗಿ ಈ ಹೊದಿಕೆಯನ್ನು ಎಲ್ಲರೂ ನೆನೆಯುತ್ತಾರೆ.

ಲೆಕ್ಕದ ಪುಸ್ತಕ

ವಿದ್ಯಾರ್ಥಿಗಳ ತಂಡಕ್ಕೆ ಇಂಥ ನಷ್ಟ ಭರಿಸುವ ಶಕ್ತಿ ಇರುವುದಿಲ್ಲ. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲೇ ಲೆಕ್ಕ ಹಾಕುವುದು ಒಳಿತು. ಕಲ್ಪಿತ ಅಂಕಿಗಳ ಒಂದು ಉದಾಹರಣೆ ನೋಡಬಹುದು.

ತಂಡವೊಂದು 200 ಪ್ರತಿ ಮಾಡಿಸುತ್ತದೆ ಎಂದುಕೊಳ್ಳೋಣ. ಅಚ್ಚಿನ ಸಿದ್ಧತೆಗೆ ಒಟ್ಟು 6,000 ರೂಪಾಯಿ, ಪ್ರತಿಯೊಂದಕ್ಕೆ ಮುದ್ರಿಕೆ, ಕಾಗದ, ಮುದ್ರಣ ಸೇರಿ 70 ರೂಪಾಯಿ. ಒಟ್ಟು ವೆಚ್ಚ 20,000, ಅಂದರೆ ಪ್ರತಿಗೆ 100 ರೂಪಾಯಿ. ಮಾರಾಟ ಬೆಲೆ 200 ರೂಪಾಯಿ. ನುಡಿಸಿದವರು, ನೆರವಾದವರು, ವಿಮರ್ಶಕರು ಎಂದು 40 ಪ್ರತಿಗಳು ಉಚಿತವಾಗಿ ಹೋಗುತ್ತವೆ. ಉಳಿದ 160 ಮಾರಾಟವಾದರೆ 32,000 ಬರುತ್ತದೆ. ಉಳಿತಾಯ 12,000.

ಈಗ ವಿನ್ಯಾಸಕಾರ ಮುಖಪುಟದಲ್ಲಿ ಒಂದು ಕಿಟಕಿ ಕತ್ತರಿಸಬೇಕು, ಇನ್ನೊಂದು ವಿಶೇಷ ಬಣ್ಣ ಬೇಕು, ಒಳಗೆ ಬೇರೆ ಲಕೋಟೆ ಬೇಕು ಎನ್ನುತ್ತಾನೆ. ಸಿದ್ಧತೆಯ ವೆಚ್ಚ 11,000ಕ್ಕೂ ಪ್ರತಿಯ ವೆಚ್ಚ 115ಕ್ಕೂ ಏರಿತು ಎನ್ನೋಣ. ಒಟ್ಟು 34,000. ಪ್ರತಿಗೆ 170 ಖರ್ಚು, 200 ಬೆಲೆ, ಆದ್ದರಿಂದ 30 ರೂಪಾಯಿ ಲಾಭ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಕೈಸೇರುವುದು ಅದೇ 32,000. ಎಲ್ಲ ಪ್ರತಿ ಖಾಲಿಯಾದರೂ 2,000 ನಷ್ಟ. ಉಚಿತ ಪ್ರತಿಗಳನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಖರ್ಚು ಕಡಿಮೆ ಇದ್ದರೆ ಸೊಗಸು ಕಡಿಮೆ ಎಂದೇನೂ ಅಲ್ಲ. ಕೆಲವೇ ನೂರು ಪ್ರತಿಗಳಿಗೆ ಆಫ್‌ಸೆಟ್ ಮುದ್ರಣ ದುಬಾರಿಯಾಗುತ್ತದೆ, ಏಕೆಂದರೆ ತಟ್ಟೆಯ ಸಿದ್ಧತೆಯ ವೆಚ್ಚ ಕೆಲವೇ ಪ್ರತಿಗಳ ಮೇಲೆ ಬೀಳುತ್ತದೆ. ಅಂಥಲ್ಲಿ ಡಿಜಿಟಲ್ ಮುದ್ರಣ ಇಲ್ಲವೇ ಸ್ಕ್ರೀನ್ ಪ್ರಿಂಟಿಂಗ್ ಅನುಕೂಲ. ಮದುವೆಯ ಕರೆಯೋಲೆ ಅಚ್ಚು ಹಾಕುವ ಮುದ್ರಕರ ಬಳಿ ದಪ್ಪ ಬಣ್ಣದ ಕಾಗದದ ಮೇಲೆ ಒಂದೆರಡು ಬಣ್ಣಗಳಲ್ಲಿ ಸ್ಕ್ರೀನ್ ಮುದ್ರಣ ಮಾಡುವ ಕೌಶಲ ತಲೆಮಾರುಗಳಿಂದ ಇದೆ. ಬೆಂಗಳೂರಿನ ಸುಲ್ತಾನ್‌ಪೇಟೆ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿದರೆ ಕಾಗದದ ಬಗೆಗಳ ಪರಿಚಯವೂ ಆಗುತ್ತದೆ. ಒಂದೇ ಹಾಳೆಯನ್ನು ಅಂಟಿಲ್ಲದೆ ಮಡಚಿ ಹೊದಿಕೆಯಾಗಿಸುವ ವಿಧಾನಗಳೂ ಹಲವಿವೆ. ಅಂಟಿನ ಕೂಲಿಯೂ ಪ್ಲಾಸ್ಟಿಕ್ ಡಬ್ಬಿಯ ಬೆಲೆಯೂ ಅದರಿಂದ ಉಳಿಯುತ್ತವೆ.

ಕೇಳುವುದರಿಂದ ಮಡಚುವವರೆಗೆ

ವಿನ್ಯಾಸದ ಮೊದಲ ಹೆಜ್ಜೆ ಕಿವಿಯದ್ದು. ಆಲ್ಬಂ ಅನ್ನು ಆರಂಭದಿಂದ ಕೊನೆಯವರೆಗೆ, ಹಾಡುಗಳ ಅನುಕ್ರಮದಲ್ಲಿಯೇ ಹಲವು ಬಾರಿ ಕೇಳಬೇಕು. ಸಾಹಿತ್ಯವನ್ನು ಕೈಯಲ್ಲಿ ಬರೆದುಕೊಳ್ಳಬೇಕು. ಗಿಟಾರ್ ತಂಡವೆಂದರೆ ಗಿಟಾರಿನ ಚಿತ್ರ, ಮಳೆಯ ಹಾಡೆಂದರೆ ಮಳೆಹನಿ ಎಂಬ ಸುಲಭದ ಹಾದಿ ಕೇಳುಗನಿಗೆ ಹೊಸದೇನನ್ನೂ ಹೇಳುವುದಿಲ್ಲ. 'ಅನ್‌ನೋನ್ ಪ್ಲೆಷರ್ಸ್'ನ ಗೆರೆಗಳು ನಕ್ಷತ್ರದ ಬಗ್ಗೆ ಹಾಡುವುದಿಲ್ಲ. ಆ ಸಂಗೀತದ ಒಂಟಿತನವನ್ನೂ ಲಯಬದ್ಧ ಮಿಡಿತವನ್ನೂ ಕಣ್ಣಿಗೆ ತೋರಿಸುತ್ತವೆ.

ಎರಡನೆಯದು ಅಳತೆ. ಸಿ.ಡಿ.ಯ ವ್ಯಾಸ 120 ಮಿ.ಮೀ. ಸಾಮಾನ್ಯ ಪ್ಲಾಸ್ಟಿಕ್ ಡಬ್ಬಿಯ ಮುಂಭಾಗಕ್ಕೆ ಸುಮಾರು 120 ಮಿ.ಮೀ. ಚೌಕದ ಹಾಳೆ, ಹಿಂಭಾಗಕ್ಕೆ 151ಕ್ಕೆ 118 ಮಿ.ಮೀ. ಹಾಳೆ ಬೇಕು. ಹಿಂಬದಿಯ ಹಾಳೆಯ ಎರಡೂ ಅಂಚುಗಳಲ್ಲಿ ಸುಮಾರು 6.5 ಮಿ.ಮೀ. ಮಡಿಕೆಯಾಗಿ ಡಬ್ಬಿಯ ಬೆನ್ನಾಗುತ್ತದೆ. ಕಪಾಟಿನಲ್ಲಿ ಸಾಲಾಗಿ ಇಟ್ಟಾಗ ಕಾಣುವುದು ಆ ಬೆನ್ನು ಮಾತ್ರ. ಕ್ಯಾಸೆಟ್ ಕಾರ್ಡಿನ ಬೆನ್ನು ಸುಮಾರು 12 ಮಿ.ಮೀ. ಈ ಅಂಕಿಗಳನ್ನು ನಂಬಿ ನೇರ ಮುದ್ರಿಸುವುದಕ್ಕಿಂತ, ತಯಾರಕರ ಬಳಿ ಅವರದ್ದೇ ನಕ್ಷೆ ಪಡೆದು, ಬಿಳಿಯ ಹಾಳೆಯಲ್ಲಿ ಕತ್ತರಿಸಿ ಮಡಚಿದ ಒಂದು ಮಾದರಿಯನ್ನು ಮಾಡಿಕೊಳ್ಳುವುದು ಕ್ಷೇಮ. ತಲೆಕೆಳಗಾದ ಪುಟ, ಮಡಿಕೆಯಲ್ಲಿ ಸಿಕ್ಕಿಬಿದ್ದ ಸಾಲು ಇವೆಲ್ಲ ಪರದೆಯ ಮೇಲೆ ಕಾಣದೆ ಕೈಗೆ ಬಂದಾಗ ಕಾಣುತ್ತವೆ.

ಮೂರನೆಯದು ಮುದ್ರಣದ ಸಿದ್ಧತೆ. ಕತ್ತರಿಸುವಾಗ ಬಿಳಿಯ ಅಂಚು ಉಳಿಯದಿರಲು ಚಿತ್ರವನ್ನು ನಾಲ್ಕೂ ಕಡೆ ಸುಮಾರು 3 ಮಿ.ಮೀ. ಹೊರಕ್ಕೆ ಬೆಳೆಸಬೇಕು. ಅಕ್ಷರಗಳನ್ನು ಅಷ್ಟೇ ಒಳಗಿಡಬೇಕು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ಶಾಯಿಯಿಂದ. ಆದ್ದರಿಂದ ಪರದೆಯಲ್ಲಿ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುವುದು ಸಹಜ. ಚಿತ್ರಗಳು ಮುದ್ರಣದ ಅಳತೆಯಲ್ಲಿ ಅಂಗುಲಕ್ಕೆ 300 ಚುಕ್ಕೆಗಳಷ್ಟಾದರೂ ಸಾಂದ್ರವಾಗಿರಬೇಕು. ಅಂತರ್ಜಾಲದ ಸಂಗೀತ ತಾಣಗಳಿಗೆ 3000ಕ್ಕೆ 3000 ಪಿಕ್ಸೆಲ್‌ನ ಚೌಕ ಚಿತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ಅದೇ ಚಿತ್ರವನ್ನು ಒಂದು ಸೆಂಟಿಮೀಟರಿಗೆ ಕುಗ್ಗಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಆ ಗಾತ್ರದಲ್ಲಿಯೂ ಗುರುತು ಸಿಕ್ಕರೆ ವಿನ್ಯಾಸ ಗೆದ್ದಂತೆ.

ಕನ್ನಡ ಅಕ್ಷರಗಳ ಸವಾಲು

ಕನ್ನಡದ ಆಲ್ಬಂ ಆದರೆ ಇನ್ನೊಂದು ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಕೊಂಬುಗಳು ಮೇಲೇರುತ್ತವೆ. 'ರಾಷ್ಟ್ರ', 'ಸ್ತ್ರೀ' ಎಂಬಂಥ ಪದಗಳಲ್ಲಿ ಒತ್ತಿನ ಮೇಲೆ ಒತ್ತು. 6.5 ಮಿ.ಮೀ. ಬೆನ್ನಿನ ಮೇಲೆ ಇವುಗಳನ್ನು ಕೂರಿಸಿದರೆ ಒತ್ತುಗಳು ಮಡಿಕೆಗೆ ಸಿಕ್ಕಿ ಹೋಗುತ್ತವೆ, ಇಲ್ಲವೇ ಮೂಲಾಕ್ಷರ ಓದಲಾಗದಷ್ಟು ಚಿಕ್ಕದಾಗುತ್ತದೆ. ಆಲ್ಬಂಗೆ ಹೆಸರಿಡುವ ಹಂತದಲ್ಲೇ ಇದನ್ನು ತಂಡಕ್ಕೆ ತಿಳಿಸುವುದು ವಿನ್ಯಾಸಕಾರನ ಜವಾಬ್ದಾರಿ. ಒಳಪುಟದಲ್ಲಿ ಸಾಹಿತ್ಯ ಮುದ್ರಿಸುವಾಗ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು.

ತಂತ್ರಾಂಶದ ತೊಡಕೂ ಸಣ್ಣದಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಪರಿವರ್ತಿಸದೆ ಯೂನಿಕೋಡ್ ಅಕ್ಷರಶೈಲಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ, ಅರ್ಧಾಕ್ಷರಗಳಾಗಿ ನಿಲ್ಲುತ್ತವೆ. ಅಚ್ಚಿಗೆ ಕಳುಹಿಸುವ ಕಡತದಲ್ಲಿ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ, ಕನ್ನಡ ಬಲ್ಲ ಇನ್ನೊಬ್ಬರಿಂದ ಕರಡು ತಿದ್ದಿಸುವುದು ಅಗತ್ಯ. ಪರದೆಯ ಮೇಲಿನ ತಪ್ಪನ್ನು ಮರುದಿನ ತಿದ್ದಬಹುದು. ಇನ್ನೂರು ಪ್ರತಿಗಳಲ್ಲಿ ಅಚ್ಚಾದ ಹೆಸರಿನ ತಪ್ಪು ಹಾಗೆಯೇ ಉಳಿಯುತ್ತದೆ.

ಕಾನೂನು ಕೇಳುವುದೇನು?

ಹೊದಿಕೆಯ ಮೇಲೆ ಏನಿರಬೇಕು ಎಂಬುದು ಕೇವಲ ಅಭಿರುಚಿಯ ವಿಷಯವಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಸೆಕ್ಷನ್ ಪ್ರಕಾರ ಧ್ವನಿಮುದ್ರಿಕೆಯನ್ನು ಪ್ರಕಟಿಸುವವರು ಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿವರ ಕಾಣಿಸಬೇಕು. ಧ್ವನಿಮುದ್ರಣ ಮಾಡಿದವರ ಹೆಸರು ಮತ್ತು ವಿಳಾಸ, ಕೃತಿಸ್ವಾಮ್ಯ ಹೊಂದಿದವರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ. ವೃತ್ತದೊಳಗಿನ 'ಸಿ' ಚಿಹ್ನೆ ಸಾಹಿತ್ಯ, ಚಿತ್ರ ಮುಂತಾದವುಗಳ ಹಕ್ಕನ್ನೂ, ವೃತ್ತದೊಳಗಿನ 'ಪಿ' ಚಿಹ್ನೆ ಧ್ವನಿಮುದ್ರಣದ ಹಕ್ಕನ್ನೂ ಸೂಚಿಸುತ್ತದೆ. ಈ ಎರಡರ ಒಡೆಯರು ಬೇರೆ ಬೇರೆಯಾಗಿರಬಹುದು.

ಇನ್ನು ಹೊದಿಕೆಯ ಚಿತ್ರ ಯಾರದ್ದು? ಛಾಯಾಚಿತ್ರ ಅಥವಾ ವರ್ಣಚಿತ್ರವನ್ನು ಹಣ ಅಥವಾ ಬೇರೆ ಪ್ರತಿಫಲ ಕೊಟ್ಟು ಮಾಡಿಸಿಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಮೊದಲ ಒಡೆತನ ಮಾಡಿಸಿಕೊಂಡವರದ್ದು ಎಂದು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಪ್ರತಿಫಲವಿಲ್ಲದೆ ಸ್ನೇಹಕ್ಕಾಗಿ ಮಾಡಿಕೊಟ್ಟ ಚಿತ್ರದ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ. ಹಕ್ಕನ್ನು ವರ್ಗಾಯಿಸುವುದಿದ್ದರೆ ಅದು ಬರಹದಲ್ಲಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೇ ಸೆಕ್ಷನ್ ಭಾವಿಸುತ್ತದೆ. ಆಲ್ಬಂ ಅಂತರ್ಜಾಲದ ಮೂಲಕ ಜಗತ್ತಿಗೆಲ್ಲ ತಲುಪುವ ಕಾಲದಲ್ಲಿ ಈ ಎರಡು ಸಾಲುಗಳನ್ನು ಬರೆದಿಟ್ಟುಕೊಳ್ಳದಿದ್ದರೆ ಗೆಳೆತನವೇ ಕೆಡಬಹುದು. ಒಂದು ಪುಟದ ಪತ್ರ ಸಾಕು. ಚಿತ್ರವನ್ನು ಎಲ್ಲೆಲ್ಲಿ ಬಳಸಬಹುದು, ಅಂಗಿಯ ಮೇಲೆ ಅಚ್ಚು ಹಾಕಿ ಮಾರಿದರೆ ಪಾಲೆಷ್ಟು, ಹೆಸರು ಹೇಗೆ ಬರಬೇಕು ಎಂಬುದು ಅದರಲ್ಲಿದ್ದರೆ ಆಯಿತು.

ಅಂತರ್ಜಾಲದಲ್ಲಿ ಸಿಕ್ಕಿದ ಚಿತ್ರವೆಲ್ಲ ಉಚಿತ ಎಂಬ ಭಾವನೆ ತಪ್ಪು. ಭಾರತದಲ್ಲಿ ಕಲಾಕೃತಿಯ ಹಕ್ಕು ಕಲಾವಿದ ಬದುಕಿರುವವರೆಗೆ ಮತ್ತು ನಂತರ 60 ವರ್ಷ ಇರುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳು ಈ ಮಿತಿಯನ್ನು ದಾಟಿವೆ. ಇತ್ತೀಚಿನ ಕಲಾವಿದರದ್ದಾದರೆ ಅನುಮತಿ ಬೇಕೇ ಬೇಕು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳಿಗೂ ಷರತ್ತುಗಳಿವೆ. ಹೆಚ್ಚಿನವುಗಳಲ್ಲಿ ಮೂಲ ಕರ್ತೃವಿನ ಹೆಸರು ಹೇಳುವುದು ಮೊದಲ ಷರತ್ತು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಚಿತ್ರ ಒದಗಿಸುತ್ತವೆ ನಿಜ. ಆದರೆ ಅಂಥ ಚಿತ್ರದ ಒಡೆತನ ಯಾರದ್ದೆಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಕೊನೆಯ ಪುಟವೇ ಮೊದಲು

ಇಷ್ಟೆಲ್ಲ ಸೇರಿದಾಗ ವಿದ್ಯಾರ್ಥಿಗೆ ಒಂದು ಕ್ರಮ ಹೊಳೆಯುತ್ತದೆ. ಸಾಮಾನ್ಯವಾಗಿ ಮುಖಪುಟದಿಂದ ಕೆಲಸ ಆರಂಭಿಸಿ, ಹಿಂಬದಿಯನ್ನು ಕೊನೆಯ ರಾತ್ರಿ ತುಂಬಿಸಲಾಗುತ್ತದೆ. ಹೆಸರುಗಳು ಬಿಟ್ಟುಹೋಗುವುದು, ತಪ್ಪಾಗುವುದು ಆ ಅವಸರದಲ್ಲೇ. ಇದನ್ನು ತಿರುವುಮುರುವು ಮಾಡುವುದು ಜಾಣತನ. ಮೊದಲು ಒಂದು ಹಾಳೆಯ ಮೇಲೆ ಎಲ್ಲ ಹೆಸರುಗಳ ಪಟ್ಟಿ ಮಾಡಬೇಕು. ಹಾಡು ಬರೆದವರು, ರಾಗ ಸಂಯೋಜಿಸಿದವರು, ಹಾಡಿದವರು, ವಾದ್ಯ ನುಡಿಸಿದ ಪ್ರತಿಯೊಬ್ಬರು, ಧ್ವನಿಮುದ್ರಣ ಮತ್ತು ಧ್ವನಿ ಸಂಯೋಜನೆ ಮಾಡಿದವರು, ಛಾಯಾಗ್ರಾಹಕರು, ಚಿತ್ರ ಬರೆದವರು, ಅಚ್ಚು ಹಾಕಿದ ಮುದ್ರಣಾಲಯ. ಅವರವರ ಹೆಸರನ್ನು ಹೇಗೆ ಬರೆಯಬೇಕೆಂದು ಅವರನ್ನೇ ಕೇಳಿ, ಅವರ ಸಹಿ ಪಡೆಯಬೇಕು. ಈ ಪಟ್ಟಿಗೆ ಜಾಗ ಮಾಡಿದ ಮೇಲೆ ಉಳಿದ ಚೌಕವೆಲ್ಲ ಚಿತ್ರಕ್ಕೆ.

ಅಂತರ್ಜಾಲಕ್ಕಷ್ಟೇ ಸೀಮಿತವಾದ ಆಲ್ಬಂಗೂ ಇದೇ ಪಟ್ಟಿ ಬೇಕು. ಹಾಡನ್ನು ತಾಣಗಳಿಗೆ ಸೇರಿಸುವಾಗ ತುಂಬುವ ನಮೂನೆಯಲ್ಲಿ ಯಾರ ಹೆಸರು ಇರುವುದಿಲ್ಲವೋ ಅವರು ಕೇಳುಗನ ಪಾಲಿಗೆ ಇಲ್ಲವಾಗುತ್ತಾರೆ. ಪ್ರತಿ ಧ್ವನಿಮುದ್ರಣಕ್ಕೆ ಸಿಗುವ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರಾಂಕಿಗಳ ಗುರುತು ಸಂಖ್ಯೆಯನ್ನೂ ಜೊತೆಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಹಣ ಬರುವುದಿದ್ದರೆ ಅದು ಹುಡುಕಿಕೊಂಡು ಬರುವುದು ಇಂಥ ಗುರುತುಗಳ ಜಾಡು ಹಿಡಿದೇ.

ಗೌಹರ್ ಜಾನ್ ಹಾಡಿದ ಆ ತಟ್ಟೆಗಳಿಗೆ ಚಿತ್ರವಿರುವ ಹೊದಿಕೆ ಇರಲಿಲ್ಲ. ಆದರೂ ನೂರಿಪ್ಪತ್ತು ವರ್ಷಗಳ ನಂತರವೂ ಕೇಳಿದವರಿಗೆಲ್ಲ ಅದು ಯಾರ ಕಂಠವೆಂದು ತಿಳಿಯುತ್ತದೆ. ಕ್ರಾಫ್ಟ್ ಬಿಡಿಸಿದ ಗೆರೆಗಳನ್ನು ಕಂಡವರು ಲಕ್ಷಾಂತರ ಮಂದಿ. ಅವು ಯಾರ ಗೆರೆಗಳೆಂದು ಬಲ್ಲವರು ಕೆಲವರೇ. ಈ ಎರಡು ಉದಾಹರಣೆಗಳನ್ನು ಮುಂದಿಟ್ಟುಕೊಂಡು ಹೊದಿಕೆಯ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿ, ಅಂಕಗಳ ಜೊತೆಗೆ ತನ್ನ ಗೆಳೆಯರ ತಂಡಕ್ಕೂ ನ್ಯಾಯ ಸಲ್ಲಿಸಬಲ್ಲ.